ಅಂಗಿಯ ಮೇಲೆ ಹದಿನಾರು ಸಾಲು: ಸಮರ್ಖಂಡದ ಗೋಡೆಗಳನ್ನು ಓದುವ ಬಗೆ

ಶಾಸನ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಕಲ್ಲು, ಹೆಚ್ಚೆಂದರೆ ತಾಮ್ರಪಟ. ಊರ ಮುಂದಿನ ವೀರಗಲ್ಲು, ದೇವಸ್ಥಾನದ ಅಂಗಳದ ದಾನಶಾಸನ, ತೂಬಿನ ಪಕ್ಕದ ಕೆರೆಶಾಸನ. ಬರಹಕ್ಕೆ ಅಂತಲೇ ಒಂದು ಕಲ್ಲು ನಿಲ್ಲಿಸಿ, ಮೇಲೆ ಸೂರ್ಯಚಂದ್ರರನ್ನು ಕೆತ್ತಿ, ಕೆಳಗೆ ಸಾಲು ಸಾಲಾಗಿ ಬರೆಯೋದು ನಮಗೆ ರೂಢಿ. ಇವತ್ತು ನಾನು ಹೇಳಹೊರಟಿರುವ ಶಾಸನ ಅಂಥದ್ದಲ್ಲ. ಅದು ಇರೋದು ಒಬ್ಬ ಮನುಷ್ಯನ ಬಿಳಿ ಅಂಗಿಯ ಮೇಲೆ. ಆ ಮನುಷ್ಯನೂ ಗೋಡೆಯ ಮೇಲೆ ಬಿಡಿಸಿದ ಚಿತ್ರ. ಊರು ಸಮರ್ಖಂಡ, ಈಗಿನ ಉಜ್ಬೇಕಿಸ್ತಾನದಲ್ಲಿದೆ. ಕಾಲ ಕ್ರಿ.ಶ. 660ರ ಆಸುಪಾಸು. ಅಂದರೆ ರವಿಕೀರ್ತಿ ಐಹೊಳೆಯ ಮೇಗುಟಿಯಲ್ಲಿ ಪುಲಕೇಶಿಯ ಪ್ರಶಸ್ತಿ ಬರೆಸಿ ಇಪ್ಪತ್ತೈದು ವರ್ಷ ಕಳೆದಿತ್ತು, ಅಷ್ಟೇ.

ಸಮರ್ಖಂಡ ಅಂದರೆ ಎಲ್ಲರಿಗೂ ನೆನಪಾಗೋದು ತೈಮೂರನ ನೀಲಿ ಗುಮ್ಮಟಗಳು. ಅವುಗಳ ಮಾತಿಗೂ ಬರ್ತೀನಿ. ಆದರೆ ಆ ಊರಿನ ಕಲೆ, ವಾಸ್ತುಗಳನ್ನು ಶಾಸನದ ಕಣ್ಣಿನಿಂದ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತೆ. ಅಲ್ಲಿ ಬರಹಕ್ಕೆ ಬೇರೆ ಜಾಗ ಅಂತ ಇಲ್ಲ. ಬರಹ ಚಿತ್ರದ ಒಳಗೇ ಇದೆ, ಇಟ್ಟಿಗೆಯ ಒಳಗೇ ಇದೆ. ಹಾಗಾಗಿ ಪಾಠ ಮಾತ್ರ ಬರೆದುಕೊಂಡು ಬಂದರೆ ಸಾಲದು. ಏನು ಬರೆದಿದೆ, ಎಲ್ಲಿ ಬರೆದಿದೆ, ಆ ಗೋಡೆ ಯಾವ ಕಾಲದ್ದು ಎಂಬ ಮೂರೂ ಪ್ರಶ್ನೆಗಳನ್ನು ಒಟ್ಟಿಗೆ ಕೇಳಬೇಕು. ಒಂದನ್ನು ಬಿಟ್ಟರೂ ಓದು ದಾರಿ ತಪ್ಪುತ್ತೆ. ಈ ಲೇಖನದಲ್ಲಿ ಬರುವ ಉದಾಹರಣೆಗಳೆಲ್ಲ ಇದೇ ಮಾತಿಗೆ.

ಅಫ್ರಾಸಿಯಾಬ್ ದಿಬ್ಬ

ಇವತ್ತಿನ ಸಮರ್ಖಂಡ ನಗರದ ಉತ್ತರ ಅಂಚಿನಲ್ಲಿ ಸುಮಾರು 220 ಹೆಕ್ಟೇರ್ ವಿಸ್ತಾರದ ಒಂದು ಬೋಳು ದಿಬ್ಬ ಇದೆ. ಹೆಸರು ಅಫ್ರಾಸಿಯಾಬ್. ಹಳೆಯ ಸಮರ್ಖಂಡ ಇದ್ದದ್ದು ಇಲ್ಲೇ. ಗ್ರೀಕರು ಮರಕಂದ ಅಂತ ಕರೆದ, ಕ್ರಿ.ಪೂ. 329ರಲ್ಲಿ ಅಲೆಕ್ಸಾಂಡರ್ ಹಿಡಿದ ಊರು ಇದು. 1220ರಲ್ಲಿ ಚೆಂಗೀಸ್ ಖಾನನ ಸೈನ್ಯ ಊರನ್ನು ಹಾಳುಗೆಡವಿತು. ಆಮೇಲೆ ಜನ ದಕ್ಷಿಣದ ಬದಿಗೆ ಸರಿದು ಹೊಸ ಊರು ಕಟ್ಟಿಕೊಂಡರು. ಹಳೆಯ ಊರು ಮಣ್ಣಿನಡಿ ಹಾಗೇ ಉಳಿಯಿತು. ಕಟ್ಟಡಗಳೆಲ್ಲ ಹಸಿ ಇಟ್ಟಿಗೆ ಮತ್ತು ಮಣ್ಣಿನವು. ಮಣ್ಣಿನ ಕಟ್ಟಡ ಬಿದ್ದರೆ ಮಣ್ಣೇ ಆಗುತ್ತೆ. ನೋಡುವವನಿಗೆ ಅಲ್ಲಿ ಏನೂ ಕಾಣಲ್ಲ.

ಇಲ್ಲಿದ್ದವರು ಸೊಗ್ದರು. ಇರಾನಿ ಭಾಷಾವರ್ಗದ ಸೊಗ್ದಿಯನ್ ಅವರ ನುಡಿ, ವ್ಯಾಪಾರ ಅವರ ಕಸುಬು. ಚೀನಾದಿಂದ ಪಶ್ಚಿಮದವರೆಗೆ ರೇಷ್ಮೆ ದಾರಿಯ ಉದ್ದಕ್ಕೂ ಅವರ ವಸತಿಗಳಿದ್ದವು. ನಮ್ಮ ಕಡೆಗೂ ಬಂದಿದ್ದಾರೆ. ಸಿಂಧೂ ನದಿಯ ಮೇಲ್ಕಣಿವೆಯ ಶತಿಯಾಲ್ ಎಂಬಲ್ಲಿ, ಕಾರಾಕೋರಂ ಹೆದ್ದಾರಿಯ ಪಕ್ಕದ ಬಂಡೆಗಳ ಮೇಲೆ ನೂರಾರು ಸೊಗ್ದಿಯನ್ ಬರಹಗಳಿವೆ. ಹೆಚ್ಚಿನವು ಇಂಥವನ ಮಗ ಇಂಥವನು ಅನ್ನುವಷ್ಟೇ ಚುಟುಕು. ಅದೇ ಬಂಡೆಗಳ ಮೇಲೆ ಬ್ರಾಹ್ಮೀ, ಖರೋಷ್ಠಿ ಬರಹಗಳೂ ಇವೆ. ದಾರಿಹೋಕರೆಲ್ಲ ಒಂದೇ ಬಂಡೆಯ ಮೇಲೆ ತಮ್ಮ ತಮ್ಮ ಲಿಪಿಯಲ್ಲಿ ರುಜು ಹಾಕಿ ಹೋಗಿದ್ದಾರೆ.

1965ರಲ್ಲಿ ಅಫ್ರಾಸಿಯಾಬ್ ದಿಬ್ಬದಲ್ಲಿ ರಸ್ತೆ ಕೆಲಸ ನಡೆಯುವಾಗ ಬಣ್ಣದ ಗೋಡೆಯೊಂದು ಬೆಳಕಿಗೆ ಬಂತು. ಉತ್ಖನನ ಮಾಡಿದಾಗ ಸಿಕ್ಕಿದ್ದು ಸುಮಾರು 11 ಮೀಟರ್ ಉದ್ದ, ಅಷ್ಟೇ ಅಗಲದ ಚೌಕ ಕೋಣೆ. ನಾಲ್ಕೂ ಗೋಡೆಗಳ ಮೇಲೆ ಚಿತ್ರ, ಹಿನ್ನೆಲೆ ಕಡು ನೀಲಿ. ಗೋಡೆಗಳ ಮೇಲ್ಭಾಗ ಉಳಿದಿರಲಿಲ್ಲ. ಉಳಿದಷ್ಟನ್ನು ಗೋಡೆಯಿಂದ ಬಿಡಿಸಿ, ಈಗ ದಿಬ್ಬದ ಪಕ್ಕದ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ವಿದ್ವಾಂಸರ ಬಳಕೆಯಲ್ಲಿ ಇದಕ್ಕೆ ರಾಯಭಾರಿಗಳ ಕೋಣೆ ಅಂತ ಹೆಸರು.

ನಾಲ್ಕು ಗೋಡೆ, ನಾಲ್ಕು ದಿಕ್ಕು

ಬಾಗಿಲು ಪೂರ್ವಕ್ಕೆ. ಒಳಗೆ ಬಂದವನಿಗೆ ಎದುರಾಗುವುದು ಪಶ್ಚಿಮದ ಗೋಡೆ. ಅಲ್ಲಿ ನಾನಾ ದೇಶದ ರಾಯಭಾರಿಗಳು ಕಾಣಿಕೆ ಹಿಡಿದು ಬರುತ್ತಿದ್ದಾರೆ. ಚೀನಾದವರ ಕೈಯಲ್ಲಿ ರೇಷ್ಮೆ ಇದೆ. ಟೋಪಿಗೆ ಎರಡು ಗರಿ ಸಿಕ್ಕಿಸಿಕೊಂಡ ಇಬ್ಬರನ್ನು ಕೊರಿಯಾದವರು ಅಂತ ಗುರುತಿಸಲಾಗಿದೆ. ಉದ್ದ ಜಡೆ ಬಿಟ್ಟ ತುರ್ಕರು ಕಾವಲಿನವರ ಹಾಗೆ ಕೂತಿದ್ದಾರೆ, ನಿಂತಿದ್ದಾರೆ.

ಉತ್ತರದ ಗೋಡೆ ಚೀನಾದ್ದು. ಒಂದು ಕಡೆ ದೋಣಿಯಲ್ಲಿ ಹೆಂಗಸರು, ಇನ್ನೊಂದು ಕಡೆ ಕುದುರೆ ಮೇಲೆ ಕೂತು ಚಿರತೆ ಬೇಟೆಯಾಡುವ ಗಂಡಸರು. ದಕ್ಷಿಣದ ಗೋಡೆಯ ತುಂಬ ಒಂದು ಮೆರವಣಿಗೆ. ಮುಂದೆ ಬಿಳಿ ಆನೆ, ಹಿಂದೆ ಕುದುರೆ ಏರಿದ ಹೆಂಗಸರು, ಒಂಟೆ ಏರಿದ ಗಂಡಸರು, ಬಲಿಗೆಂದು ಕರೆದೊಯ್ಯುತ್ತಿರುವ ಕುದುರೆ ಮತ್ತು ಬಾತುಗಳು. ಬಾತುಗಳ ಜೊತೆ ಇರುವವರು ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದಾರೆ. ಪವಿತ್ರ ವಸ್ತುವಿಗೆ ಉಸಿರು ತಾಗಬಾರದು ಅನ್ನುವುದು ಜರತುಷ್ಟ್ರ ಸಂಪ್ರದಾಯ. ಇವತ್ತಿಗೂ ಪಾರ್ಸಿ ಪುರೋಹಿತರು ಹೀಗೆ ಕಟ್ಟಿಕೊಳ್ತಾರೆ. ಇದು ಹೊಸವರ್ಷದ ಹಬ್ಬಕ್ಕೆ ರಾಜ ಪೂರ್ವಜರ ಗುಡಿಗೆ ಹೋಗುತ್ತಿರುವ ದೃಶ್ಯ ಅನ್ನುವುದು ಫ್ರೆಂಚ್ ವಿದ್ವಾಂಸ ಫ್ರಾಂಟ್ಸ್ ಗ್ರೆನೆ ಅವರ ವಾದ.

ಪೂರ್ವದ ಗೋಡೆ ತೀರಾ ಹಾಳಾಗಿದೆ. ಉಳಿದ ತುಣುಕುಗಳನ್ನು ಜೋಡಿಸಿ ನೋಡಿದ ಗ್ರೆನೆ, ಅದು ಭಾರತದ ದೃಶ್ಯ ಅಂತ ವಾದಿಸಿದ್ದಾರೆ. ಚಿಂದಿಯಾದ ಚಿತ್ರದ ಮೇಲೆ ಇಷ್ಟು ದೊಡ್ಡ ಮಾತೇ ಅಂತ ಅನುಮಾನ ಬರೋದು ಸಹಜ. ಇದಕ್ಕೆ ಬೆಂಬಲವಾಗಿ ಒಂದು ಲಿಖಿತ ಸಾಕ್ಷಿ ಇದೆ. ತಾಂಗ್ ವಂಶದ ಚೀನೀ ಇತಿಹಾಸಗ್ರಂಥದಲ್ಲಿ ಸಮರ್ಖಂಡದ ಹತ್ತಿರದ ಇನ್ನೊಂದು ಸೊಗ್ದ್ ಪಟ್ಟಣದ ಬಗ್ಗೆ ಹೇಳುತ್ತಾ, ಅಲ್ಲೊಂದು ಮಹಡಿ ಮಂಟಪ ಇದೆ, ಅದರ ಉತ್ತರ ಗೋಡೆ ಮೇಲೆ ಚೀನಾದ ಚಕ್ರವರ್ತಿಗಳು, ಪೂರ್ವಕ್ಕೆ ತುರ್ಕ ಮತ್ತು ಭಾರತದ ದೊರೆಗಳು, ಪಶ್ಚಿಮಕ್ಕೆ ಪರ್ಷಿಯಾ ಮತ್ತು ರೋಮ್‌ನ ದೊರೆಗಳ ಚಿತ್ರ ಇದೆ ಅಂತ ವರ್ಣಿಸಿದೆ. ಪ್ರಪಂಚವನ್ನು ಕೋಣೆಯ ಗೋಡೆಗಳಿಗೆ ಹಂಚಿ ಚಿತ್ರಿಸುವ ಪದ್ಧತಿ ಆ ಸೀಮೆಯಲ್ಲಿತ್ತು ಅನ್ನೋದು ಇದರಿಂದ ಖಚಿತ. ಚೀನಾ ಉತ್ತರದಲ್ಲಿರೋದೂ ಸರಿಹೊಂದುತ್ತೆ.

ಅಂಗಿಯ ಬರಹ

ಈಗ ಶಾಸನಕ್ಕೆ ಬರೋಣ. ಪಶ್ಚಿಮ ಗೋಡೆಯ ಎಡಗಡೆ ನಿಂತಿರುವ ಒಬ್ಬ ರಾಯಭಾರಿಯ ಬಿಳಿ ಉಡುಪಿನ ಕೆಳಭಾಗದಲ್ಲಿ ಸೊಗ್ದಿಯನ್ ಲಿಪಿಯ 16 ಸಾಲುಗಳಿವೆ. ಇದನ್ನು ಓದಿ ಅರ್ಥ ಬಿಡಿಸಿದವರು ಸೊಗ್ದಿಯನ್ ಪಂಡಿತ ವ್ಲಾದಿಮಿರ್ ಲಿವ್ಶಿತ್ಸ್. ಸಾರಾಂಶ ಹೀಗಿದೆ:

ಉನಶ್ ಮನೆತನದ ರಾಜ ವರ್ಖುಮಾನ್ ಹತ್ತಿರ ಬಂದಾಗ ರಾಯಭಾರಿ ಬಾಯಿ ತೆರೆದು ತನ್ನ ಪರಿಚಯ ಹೇಳಿಕೊಳ್ಳುತ್ತಾನೆ. ತಾನು ಚಗಾನಿಯಾನ್ ನಾಡಿನ ದಪಿರ್‌ಪತ್, ಹೆಸರು ಪುಕರ್‌ಜಾತೆ. ಅಲ್ಲಿನ ಒಡೆಯ ತುರಂತಶ್ ಕಳಿಸಿದ್ದರಿಂದ ಸಮರ್ಖಂಡದ ರಾಜನ ಬಳಿ ಗೌರವದಿಂದ ಬಂದಿದ್ದೇನೆ. ನನ್ನ ಬಗ್ಗೆ ಯಾವ ಅನುಮಾನವೂ ಬೇಡ. ಸಮರ್ಖಂಡದ ದೇವರುಗಳ ಬಗ್ಗೆ ನನಗೆ ಚೆನ್ನಾಗಿ ಗೊತ್ತು, ಸಮರ್ಖಂಡದ ಬರಹದ ಬಗ್ಗೆಯೂ ಗೊತ್ತು. ರಾಜನಿಗೆ ನಾನು ಕೇಡು ಮಾಡಿದವನಲ್ಲ. ಹೀಗೆ ಹೇಳಿ ರಾಜನಿಗೆ ಶುಭ ಕೋರುತ್ತಾನೆ. ವರ್ಖುಮಾನ್ ಅವನನ್ನು ಬೀಳ್ಕೊಡುತ್ತಾನೆ. ಆಮೇಲೆ ಚಾಚ್ ನಾಡಿನ ದಪಿರ್‌ಪತ್ ಬಾಯಿ ತೆರೆದ ಅನ್ನುವಲ್ಲಿಗೆ ಬರಹ ನಿಲ್ಲುತ್ತೆ.

ಚಗಾನಿಯಾನ್ ಅಂದರೆ ಈಗಿನ ದಕ್ಷಿಣ ಉಜ್ಬೇಕಿಸ್ತಾನದ ಸುರ್ಖಾನ್ ನದಿ ಕಣಿವೆ. ಚಾಚ್ ಅಂದರೆ ತಾಷ್ಕೆಂಟ್ ಸೀಮೆ.

ಈ 16 ಸಾಲಿನಿಂದ ಸಿಕ್ಕಿದ್ದೆಷ್ಟು ನೋಡಿ. ಮೊದಲನೆಯದು ಕಾಲ. ಶಾಸನದಲ್ಲಿ ತೇದಿ ಇಲ್ಲ. ಆದರೆ ವರ್ಖುಮಾನ್ ಎಂಬ ಹೆಸರು ಚೀನೀ ದಾಖಲೆಗಳಲ್ಲಿ ಇದೆ. 650ರ ದಶಕದಲ್ಲಿ ತಾಂಗ್ ಚಕ್ರವರ್ತಿ ಗಾವ್‌ತ್ಸುಂಗ್ ಇವನನ್ನೇ ಆ ಸೀಮೆಯ ಅಧಿಪತಿ ಅಂತ ಮಾನ್ಯ ಮಾಡಿದ್ದ. ಹೀಗೆ ಒಂದು ಹೆಸರಿನ ಬಲದ ಮೇಲೆ ಇಡೀ ಕೋಣೆಗೆ, ಅಲ್ಲಿನ ಬಟ್ಟೆಯ ವಿನ್ಯಾಸ, ಆಯುಧ, ತಲೆಯುಡುಗೆ ಎಲ್ಲದಕ್ಕೂ ಕಾಲ ನಿಗದಿಯಾಯಿತು. ಮಧ್ಯ ಏಷ್ಯಾದ ಬೇರೆ ಭಿತ್ತಿಚಿತ್ರಗಳ ಕಾಲ ಹೇಳುವಾಗಲೂ ಇದನ್ನು ಗೂಟದ ಹಾಗೆ ಹಿಡ್ಕೋತಾರೆ.

ಎರಡನೆಯದು ಆ ಪದವಿ. ದಪಿರ್‌ಪತ್ ಅಂದರೆ ಬರಹಗಾರರ ಮುಖ್ಯಸ್ಥ. ದಪಿರ್ ಅಂದರೆ ಲೇಖಕ, ಪತ್ ಅಂದರೆ ನಮ್ಮ ಪತಿ, ಒಡೆಯ. ದಪಿರ್ ಶಬ್ದದ ಬೇರಿನಲ್ಲಿರೋದು ಬರಹ ಎಂಬರ್ಥದ ಹಳೆಯ ಪರ್ಷಿಯನ್ನಿನ ದಿಪಿ. ವಾಯವ್ಯದ ಶಹಬಾಜ್‌ಗಢಿಯಲ್ಲಿ ಅಶೋಕ ತನ್ನ ಶಾಸನವನ್ನು ದಿಪಿ ಅಂತಲೇ ಕರೆದಿದ್ದಾನೆ. ನಮ್ಮ ಕಡೆಯ ಅಶೋಕ ಶಾಸನಗಳಲ್ಲಿ ಅದೇ ಲಿಪಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನ ನೋಡಿದವರಿಗೆ ಚಪಡನ ನೆನಪಿರುತ್ತೆ. ಇಡೀ ಶಾಸನ ಬ್ರಾಹ್ಮಿಯಲ್ಲಿ ಬರೆದು, ಕೊನೆಯಲ್ಲಿ ತಾನು ಲಿಪಿಕರ ಎಂಬ ಒಂದು ಶಬ್ದವನ್ನು ಮಾತ್ರ ವಾಯವ್ಯದ ಖರೋಷ್ಠಿಯಲ್ಲಿ ಬರೆದವನು ಅವನು. ಮೊಳಕಾಲ್ಮೂರಿನ ಬಂಡೆಯ ಮೇಲಿನ ಲಿಪಿಕರನಿಗೂ ಸಮರ್ಖಂಡದ ಗೋಡೆಯ ದಪಿರ್‌ಪತ್‌ನಿಗೂ ನಡುವೆ ಒಂಬೈನೂರು ವರ್ಷಗಳ ಅಂತರ ಇದೆ. ಆದರೂ ಇಬ್ಬರ ಕಸುಬಿನ ಹೆಸರು ಒಂದೇ ಬೇರಿನದು.

ಮೂರನೆಯದು ನನಗೆ ಬಹಳ ಇಷ್ಟವಾದ ಮಾತು. ತನ್ನನ್ನು ನಂಬಿ ಅಂತ ಹೇಳುವಾಗ ಆ ರಾಯಭಾರಿ ಕೊಡುವ ಆಧಾರ ಎರಡೇ. ನಿಮ್ಮ ದೇವರು ನನಗೆ ಗೊತ್ತು, ನಿಮ್ಮ ಬರಹ ನನಗೆ ಗೊತ್ತು. ಚಗಾನಿಯಾನ್ ಕಡೆಯಲ್ಲಿ ನಡೆಯುತ್ತಿದ್ದದ್ದು ಗ್ರೀಕ್ ಅಕ್ಷರಗಳಿಂದ ಹುಟ್ಟಿದ ಬ್ಯಾಕ್ಟ್ರಿಯನ್ ಲಿಪಿ. ಸಮರ್ಖಂಡದ್ದು ಅರಮಾಯಿಕ್ ಮೂಲದ ಸೊಗ್ದಿಯನ್ ಲಿಪಿ. ಎರಡೂ ಬೇರೆ ಬೇರೆ ಲಿಪಿ. ಹಾಗಾಗಿ ನಿಮ್ಮ ಲಿಪಿ ಬಲ್ಲೆ ಅನ್ನೋದು ಸುಮ್ಮನೆ ಉಪಚಾರದ ಮಾತಲ್ಲ, ಅರ್ಹತೆಯ ಮಾತು. ಅದನ್ನು ಅವನ ಮೈಮೇಲೇ, ಅದೇ ಸಮರ್ಖಂಡದ ಲಿಪಿಯಲ್ಲೇ ಬರೆದಿದ್ದಾರೆ. ಪಾಠವನ್ನು ಮಾತ್ರ ಪುಸ್ತಕದಲ್ಲಿ ಓದಿದರೆ ಈ ಸ್ವಾರಸ್ಯ ಸಿಗಲ್ಲ. ಎಲ್ಲಿ ಬರೆದಿದೆ ಅನ್ನೋ ಪ್ರಶ್ನೆಗೆ ಇಷ್ಟು ಬೆಲೆ ಇರೋದು ಅದಕ್ಕೇ.

ಈ ಲಿಪಿ ಮುಂದೆ ಬಹಳ ದೂರ ಹೋಯಿತು. ಸೊಗ್ದಿಯನ್ನಿನಿಂದ ಉಯ್ಗುರ್, ಉಯ್ಗುರ್‌ನಿಂದ ಮಂಗೋಲ್, ಮಂಗೋಲ್‌ನಿಂದ ಮಂಚು ಲಿಪಿ. ಮಂಗೋಲಿಯಾದಲ್ಲಿ ಇವತ್ತಿಗೂ ಮೇಲಿನಿಂದ ಕೆಳಕ್ಕೆ ಬರೆಯುವ ಅಕ್ಷರಗಳಿಗೆ ಮೂಲ ಇದೇ.

ಬರಹ ಹೇಳದೆ ಬಿಟ್ಟದ್ದು

ಹಾಗಂತ 16 ಸಾಲು ಎಲ್ಲವನ್ನೂ ಬಿಡಿಸಿಟ್ಟಿಲ್ಲ. ಪಶ್ಚಿಮ ಗೋಡೆಯ ರಾಯಭಾರಿಗಳೆಲ್ಲ ಯಾರ ಕಡೆಗೆ ಹೋಗುತ್ತಿದ್ದಾರೆ? ಆ ಮುಖ್ಯ ವ್ಯಕ್ತಿ ಇದ್ದಿರಬೇಕಾದ ಮೇಲಿನ ಭಾಗವೇ ಇಲ್ಲ. ವರ್ಖುಮಾನ್ ರಾಜನೇ ಕೂತಿದ್ದ ಅಂತ ಕೆಲವರು, ತುರ್ಕರ ಖಾಗಾನ್ ಅಂತ ಕೆಲವರು, ದೇವತೆ ಅಂತ ಇನ್ನು ಕೆಲವರು. ತಲೆಯ ಭಾಗ ಒಡೆದುಹೋದ ಶಾಸನಕಲ್ಲನ್ನು ಓದಿದವರಿಗೆ ಈ ಫಜೀತಿ ಗೊತ್ತು. ದಾನ ಪಡೆದವನ ಹೆಸರು, ಸಾಕ್ಷಿಗಳು, ಎಲ್ಲೆಗಳು ಎಲ್ಲ ಇರುತ್ತೆ; ಕೊಟ್ಟ ರಾಜನ ಹೆಸರೇ ಇರಲ್ಲ.

ಬರಹವೇ ಇಲ್ಲದಿದ್ದರೆ ಏನಾಗುತ್ತಿತ್ತು ಅನ್ನೋದಕ್ಕೆ ಚಾಲುಕ್ಯರ ಹೆಸರು ಸೇರಿಕೊಂಡ ಒಂದು ಉದಾಹರಣೆಯೇ ಇದೆ. ಅಜಂತಾದ 1ನೇ ಗುಹೆಯಲ್ಲಿ ಪರದೇಶಿ ವೇಷದವರು ರಾಜನಿಗೆ ಕಾಣಿಕೆ ಕೊಡುವ ಚಿತ್ರ ಇದೆಯಲ್ಲ, ಅದು ಪರ್ಷಿಯಾದ ಎರಡನೇ ಖುಸ್ರು ನಮ್ಮ ಇಮ್ಮಡಿ ಪುಲಕೇಶಿಯ ಆಸ್ಥಾನಕ್ಕೆ ಕಳಿಸಿದ ರಾಯಭಾರ ಅಂತ 1879ರಲ್ಲಿ ಜೇಮ್ಸ್ ಫರ್ಗುಸನ್ ಬರೆದ. ಅದು ಪಠ್ಯಪುಸ್ತಕಗಳಿಗೂ ಇಳಿಯಿತು. ಆಮೇಲೆ ಆ ಗುಹೆ ಪುಲಕೇಶಿಗಿಂತ ಒಂದು ಶತಮಾನಕ್ಕೂ ಹಿಂದಿನ ವಾಕಾಟಕರ ಕಾಲದ್ದು, ಚಿತ್ರ ಬೌದ್ಧ ಕಥೆಯೊಂದರ ದೃಶ್ಯ ಅನ್ನುವ ಅಭಿಪ್ರಾಯ ವಿದ್ವಾಂಸರಲ್ಲಿ ಬಲವಾಯಿತು. ಆ ದೃಶ್ಯದಲ್ಲಿ ಹೆಸರು ಹೇಳುವ ಒಂದು ಸಾಲು ಬರಹ ಇದ್ದಿದ್ದರೆ ಇಷ್ಟು ಚರ್ಚೆಯೇ ಬೇಕಿರಲಿಲ್ಲ. ಕಾಣಿಕೆ ಕೊಡುವ ಚಿತ್ರ ಎರಡು ಕಡೆಯೂ ಇದೆ, ಹೆಸರು ಒಂದೇ ಕಡೆ ಇದೆ. ವ್ಯತ್ಯಾಸ ಅಷ್ಟೇ.

ಪುಲಕೇಶಿಗೂ ಸಮರ್ಖಂಡಕ್ಕೂ ನಿಜವಾದ ಕೊಂಡಿಯೊಂದು ಬೇರೆ ಇದೆ, ಅದು ಒಬ್ಬ ಯಾತ್ರಿಕ. ಹ್ಯೂಯೆನ್ ತ್ಸಾಂಗ್ 630ರ ಸುಮಾರಿಗೆ ಸಮರ್ಖಂಡದ ಮೂಲಕ ಹಾದುಬಂದ. ನಾನಾ ದೇಶದ ಸರಕು ಅಲ್ಲಿ ರಾಶಿ ಬಿದ್ದಿರುತ್ತೆ, ಅಲ್ಲಿನ ಕುಶಲಕರ್ಮಿಗಳು ಬೇರೆಲ್ಲರಿಗಿಂತ ಮೇಲು ಅಂತ ಬರೆದ. ಸೊಗ್ದರು ಬರಹವನ್ನು ಮೇಲಿನಿಂದ ಕೆಳಕ್ಕೆ ಓದ್ತಾರೆ ಅನ್ನೋದನ್ನೂ ಗಮನಿಸಿದ. ಅದೇ ಮನುಷ್ಯ ಹತ್ತು ವರ್ಷದ ನಂತರ ಪುಲಕೇಶಿಯ ರಾಜ್ಯಕ್ಕೆ ಬಂದು, ಅಲ್ಲಿನ ಯೋಧರ ಬಗ್ಗೆ, ಹರ್ಷನಿಗೂ ಮಣಿಯದ ರಾಜನ ಬಗ್ಗೆ ಬರೆದ. ಒಂದೇ ಪುಸ್ತಕದಲ್ಲಿ ಎರಡೂ ನಾಡುಗಳ ವರ್ಣನೆ ಇದೆ.

ದೂರದಿಂದ ಓದುವ ಅಕ್ಷರ

712ರಲ್ಲಿ ಅರಬ್ ಸೇನಾನಿ ಕುತೈಬಾ ಸಮರ್ಖಂಡವನ್ನು ವಶಪಡಿಸಿಕೊಂಡ. ನಿಧಾನವಾಗಿ ದೇವರು ಬದಲಾದರು, ಲಿಪಿಯೂ ಬದಲಾಯಿತು. ಈಗ ಏಳು ಶತಮಾನ ಮುಂದೆ ಬರೋಣ, ತೈಮೂರನ ಕಾಲಕ್ಕೆ. ಮಣ್ಣಿನ ಗೋಡೆಯ ಜಾಗದಲ್ಲಿ ಈಗ ಸುಟ್ಟ ಇಟ್ಟಿಗೆ, ಬಣ್ಣದ ಚಿತ್ರದ ಜಾಗದಲ್ಲಿ ಗಾಜಿನ ಹೊಳಪಿನ ಹೆಂಚು. ಬರಹ ಮಾತ್ರ ಗೋಡೆ ಬಿಟ್ಟು ಹೋಗಿಲ್ಲ.

ಇಲ್ಲಿನ ಒಂದು ತಂತ್ರಕ್ಕೆ ಬನ್ನಾಯಿ ಅಂತ ಹೆಸರು. ಬನ್ನಾ ಅಂದರೆ ಕಟ್ಟುವವನು. ಸಾದಾ ಇಟ್ಟಿಗೆಗಳ ನಡುವೆ ನೀಲಿ, ಹಸಿರುನೀಲಿ ಹೊಳಪಿನ ಇಟ್ಟಿಗೆಗಳನ್ನು ಲೆಕ್ಕ ಹಾಕಿ ಕೂರಿಸುತ್ತಾ ಹೋದರೆ ಚೌಕಾಕಾರದ ಕೂಫಿ ಅಕ್ಷರಗಳು ಮೂಡುತ್ತವೆ. ಕಂಪ್ಯೂಟರ್ ಪರದೆ ಮೇಲೆ ಚುಕ್ಕಿ ಜೋಡಿಸಿ ಅಕ್ಷರ ಮಾಡೋ ಹಾಗೆ. ಒಂದು ಇಟ್ಟಿಗೆ ಒಂದು ಚುಕ್ಕಿ. ಕಟ್ಟುವಾಗಲೇ ಬರೆಯಬೇಕು, ಆಮೇಲೆ ತಿದ್ದೋಕೆ ಆಗಲ್ಲ. ಅಂದರೆ ಇಲ್ಲಿ ಪಾಠದ ವಿನ್ಯಾಸವೂ ಗೋಡೆಯ ನಕ್ಷೆಯೂ ಒಂದೇ ಕಾಗದದಲ್ಲಿ ಇರಬೇಕಿತ್ತು.

1399ರಲ್ಲಿ, ದೆಹಲಿಯ ದಂಡಯಾತ್ರೆ ಮುಗಿಸಿ ಬಂದ ತೈಮೂರ್ ತನ್ನ ದೊಡ್ಡ ಜುಮ್ಮಾ ಮಸೀದಿಯ ಕೆಲಸ ಶುರು ಮಾಡಿಸಿದ. ಇದೇ ಈಗಿನ ಬೀಬಿ ಖಾನುಂ ಮಸೀದಿ. ಹಿಂದೂಸ್ಥಾನದಿಂದ ಕರೆತಂದ ಕಲ್ಲುಕುಟಿಗರು ಇದಕ್ಕೆ ದುಡಿದಿದ್ದಾರೆ, ಕಲ್ಲು ಸಾಗಿಸಲು ಇಲ್ಲಿಂದ ಒಯ್ದ ಆನೆಗಳನ್ನು ಬಳಸಿದ್ದಾರೆ. ಒಂದು ಶತಮಾನದ ನಂತರ ಬಾಬರ್ ತನ್ನ ಆತ್ಮಕಥೆಯಲ್ಲಿ ಈ ಮಸೀದಿಯ ಮುಂಭಾಗದ ಬರಹ ಸುಮಾರು ಒಂದು ಕ್ರೋಶ ದೂರದಿಂದಲೇ ಓದಬಹುದಾದಷ್ಟು ದೊಡ್ಡದು ಅಂತ ಬರೆದ. ಇಬ್ರಾಹಿಂ ಮತ್ತು ಇಸ್ಮಾಯಿಲ್ ದೇವಗೃಹದ ತಳಪಾಯ ಎತ್ತಿದ ಪ್ರಸಂಗದ ಕುರಾನ್ ವಾಕ್ಯ ಅದು. ಮಸೀದಿ ಕಟ್ಟಿಸಿದವನು ತನ್ನನ್ನು ಯಾರ ಸಾಲಿಗೆ ಸೇರಿಸಿಕೊಂಡ ಅನ್ನೋದು ಆ ವಾಕ್ಯದ ಆಯ್ಕೆಯಲ್ಲೇ ಇದೆ.

ಎಂಜಿನಿಯರ್ ಆದವನಿಗೆ ಇಲ್ಲಿ ಲೆಕ್ಕ ಹಾಕದೆ ಇರೋಕಾಗಲ್ಲ. ಸಾಮಾನ್ಯ ದೃಷ್ಟಿಯ ಕಣ್ಣು ಒಂದು ಅಕ್ಷರವನ್ನು ಗುರುತಿಸಬೇಕಾದರೆ ಆ ಅಕ್ಷರ ಕಣ್ಣಿನ ಬಳಿ ಒಂದು ಡಿಗ್ರಿಯ 12ರಲ್ಲಿ ಒಂದು ಭಾಗದಷ್ಟಾದರೂ ಕೋನ ಮಾಡಬೇಕು. ಕಣ್ಣಿನ ಡಾಕ್ಟರ ಹಲಗೆಯ ಅಕ್ಷರಗಳ ಅಳತೆ ನಿಂತಿರೋದು ಇದರ ಮೇಲೇ. ಈ ಲೆಕ್ಕದಲ್ಲಿ ಅಕ್ಷರದ ಎತ್ತರದ ಸುಮಾರು 690 ಪಟ್ಟು ದೂರದಿಂದ ಅದನ್ನು ಓದಬಹುದು. ಕ್ರೋಶ ಅಂದರೆ ಸುಮಾರು 3 ಕಿಲೋಮೀಟರ್ ಅಂತ ಹಿಡಿದರೆ ಅಕ್ಷರ 4 ಮೀಟರಿಗೂ ಎತ್ತರ ಇರಬೇಕು. 3 ಮೀಟರ್ ಅಕ್ಷರವಾದರೆ 2 ಕಿಲೋಮೀಟರಿನಿಂದ ಕಾಣುತ್ತೆ. ಅಂದರೆ ಬಾಬರನ ಮಾತು ಸ್ವಲ್ಪ ಉಬ್ಬಿಸಿದ್ದಾದರೂ ಬರೀ ಬುರುಡೆಯಲ್ಲ. ಅದೂ ಅಲ್ಲದೆ, ಕುರಾನ್ ಬಾಯಿಪಾಠ ಇದ್ದವನಿಗೆ ಎರಡು ಅಕ್ಷರದ ಗುರುತು ಸಿಕ್ಕರೆ ಇಡೀ ವಾಕ್ಯ ಸಿಕ್ಕಂತೆ.

ಸಮಾಧಿಯ ಕಲ್ಲು ಹೇಳೋದು, ಜನ ಹೇಳೋದು

ತೈಮೂರನ ಸಮಾಧಿ ಇರುವುದು ಗೂರ್ ಎ ಅಮೀರ್ ಕಟ್ಟಡದಲ್ಲಿ. ಪಟ್ಟೆಪಟ್ಟೆಯಾದ ನೀಲಿ ಗುಮ್ಮಟ, ಅದರ ಕೆಳಗಿನ ಕಂಠಭಾಗದ ಸುತ್ತ ಆಳೆತ್ತರ ಮೀರಿದ ಕೂಫಿ ಅಕ್ಷರಗಳಲ್ಲಿ ದೇವರೊಬ್ಬನೇ ಶಾಶ್ವತ ಎಂಬರ್ಥದ ಬರಹ. ಅಂಗಳದ ಪ್ರವೇಶದ್ವಾರದಲ್ಲಿ ಕಟ್ಟಿದವನ ರುಜು ಇದೆ: ಇಸ್ಫಹಾನ್‌ನ ಮಹಮೂದನ ಮಗ ಮುಹಮ್ಮದ್, ಬನ್ನಾ. ಬೇಲೂರಿನ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜನ ಹೆಸರು ಹುಡುಕಿ ಖುಷಿಪಡೋ ನಮಗೆ ಈ ರುಜುವಿನ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಒಳಗೆ ತೈಮೂರನ ಗುರುತಿಗೆ ಕಡು ಹಸಿರು ಜೇಡ್ ಕಲ್ಲು ಇದೆ, ಎರಡು ತುಂಡಾಗಿದೆ. ನಿಜವಾದ ಸಮಾಧಿ ಇರೋದು ಕೆಳಗಿನ ನೆಲಮಾಳಿಗೆಯಲ್ಲಿ. ಈ ಕಲ್ಲಿನ ಮೇಲೆ ವಂಶಾವಳಿ ಕೆತ್ತಿದ್ದಾರೆ. ತೈಮೂರನಿಗೂ ಚೆಂಗೀಸ್ ಖಾನನಿಗೂ ಒಬ್ಬನೇ ಮೂಲಪುರುಷ, ಅವನ ತಾಯಿ ಅಲನ್ ಗೋವಾ ಬೆಳಕಿನ ಕಿರಣದಿಂದ ಗರ್ಭ ಧರಿಸಿದಳು, ಆ ಬೆಳಕು ಹಜ್ರತ್ ಅಲಿಯ ಸಂತತಿಗೆ ಸೇರಿದ್ದು ಅಂತ ಅದರ ಹೇಳಿಕೆ. ಹುಲ್ಲುಗಾವಲಿನ ಮಂಗೋಲ್ ಪುರಾಣವನ್ನೂ ಇಸ್ಲಾಮಿನ ಪವಿತ್ರ ವಂಶವನ್ನೂ ಒಂದೇ ಕಲ್ಲಿನ ಮೇಲೆ ಹೊಲಿದಿದ್ದಾರೆ. ಅಧಿಕಾರ ಹಿಡಿದ ಮನೆತನ ಯದುವಂಶಕ್ಕೋ ಚಂದ್ರವಂಶಕ್ಕೋ ಏಣಿ ಹಾಕೋದನ್ನು ನಾವು ಎಷ್ಟು ಪ್ರಶಸ್ತಿಗಳಲ್ಲಿ ಓದಿಲ್ಲ!

ಆದರೆ ಇಂಟರ್ನೆಟ್ಟಿನಲ್ಲಿ ಈ ಕಲ್ಲು ಪ್ರಸಿದ್ಧವಾಗಿರೋದು ಬೇರೆ ಕಾರಣಕ್ಕೆ. ನನ್ನ ಗೋರಿ ತೆಗೆದವನು ನನಗಿಂತ ಭಯಂಕರ ಶತ್ರುವನ್ನು ಎದುರಿಸುತ್ತಾನೆ ಅಂತ ಇದರ ಮೇಲೆ ಶಾಪ ಬರೆದಿದೆಯಂತೆ. ಜೂನ್ 1941ರಲ್ಲಿ ಸೋವಿಯೆತ್ ವಿಜ್ಞಾನಿ ಗೆರಾಸಿಮೊವ್ ಗೋರಿ ತೆಗೆದ, ಜೂನ್ 22ಕ್ಕೆ ಹಿಟ್ಲರ್ ದಾಳಿ ಮಾಡಿದ. ಕಥೆ ಚೆನ್ನಾಗಿದೆ. ಶಾಪಾಶಯ ಇರುವ ಶಾಸನಗಳನ್ನೇ ಓದಿ ಬೆಳೆದ ನಮಗೆ ನಂಬೋಣ ಅಂತಲೂ ಅನಿಸುತ್ತೆ. ಆದರೆ ಪ್ರಕಟವಾದ ಪಾಠದಲ್ಲಿ ಇರೋದು ವಂಶಾವಳಿ, ಶಾಪ ಅಲ್ಲ. ಆ ದಾಳಿಗೆ ಹಿಟ್ಲರ್ ಆದೇಶ ಹೊರಡಿಸಿದ್ದು ಡಿಸೆಂಬರ್ 1940ರಲ್ಲೇ, ಗೋರಿ ತೆಗೆಯೋದಕ್ಕೆ ಆರು ತಿಂಗಳು ಮೊದಲು. ಗೋರಿ ತೆಗೆದಿದ್ದರಿಂದ ನಿಜಕ್ಕೂ ತಿಳಿದದ್ದು ತೈಮೂರನ ಬಲಗಾಲು ಊನವಾಗಿತ್ತು ಅನ್ನೋದು. ತಮರ್ಲೇನ್ ಎಂಬ ಯುರೋಪಿನ ಹೆಸರು ಕುಂಟ ತೈಮೂರ್ ಅನ್ನೋದರಿಂದ ಬಂದದ್ದು. ಶಾಸನದಲ್ಲಿ ಹೀಗಿದೆಯಂತೆ ಅಂತ ಯಾರಾದರೂ ಹೇಳಿದರೆ ಮೊದಲು ಪಾಠ ಎಲ್ಲಿ ಅಂತ ಕೇಳಿ.

ಬರಹವನ್ನು ನಂಬಿ ಹೋದವನಿಗೆ ಏನು ಸಿಗುತ್ತೆ ಅನ್ನೋದಕ್ಕೂ ಇದೇ ಊರಿನಲ್ಲಿ ಉದಾಹರಣೆ ಇದೆ. ತೈಮೂರನ ಮೊಮ್ಮಗ ಉಲೂಗ್ ಬೇಗ್ 1420ರ ದಶಕದಲ್ಲಿ ಕಟ್ಟಿಸಿದ ಖಗೋಳ ವೀಕ್ಷಣಾಲಯ, 1449ರಲ್ಲಿ ಅವನ ಕೊಲೆಯಾದ ಮೇಲೆ ಹಾಳಾಗಿ, ಎಲ್ಲಿತ್ತು ಅನ್ನೋದೂ ಮರೆತುಹೋಗಿತ್ತು. 1018 ನಕ್ಷತ್ರಗಳ ಸ್ಥಾನ ದಾಖಲಿಸಿದ ಜಾಗ ಅದು. ಹಳೆಯ ವಕ್ಫ್ ಪತ್ರವೊಂದರಲ್ಲಿ ಜಮೀನಿನ ವಿವರ ಹೇಳುವಾಗ ಬಂದ ಉಲ್ಲೇಖವನ್ನು ಹಿಡಿದು ವಾಸಿಲಿ ವ್ಯಾತ್ಕಿನ್ 1908ರಲ್ಲಿ ಅಗೆಸಿದರು. ನೆಲದೊಳಗೆ ಬಂಡೆಯಲ್ಲಿ ಕೊರೆದ ಕಂದಕ, ಅದರಲ್ಲಿ ಸುಮಾರು 40 ಮೀಟರ್ ತ್ರಿಜ್ಯದ ಕಮಾನಿನ ಕೆಳತುದಿ ಹಾಗೇ ಸಿಕ್ಕಿತು. ನಮ್ಮ ದಾನಶಾಸನಗಳಲ್ಲಿ ಮೂಡಲು ಹುಣಸೆಮರ, ಪಡುವಲು ಕೆರೆಯ ಕೋಡಿ ಅಂತ ಎಲ್ಲೆ ಹೇಳೋ ಭಾಗ ಬಂದರೆ ಹಾರಿಸಿ ಓದುವವರು ಇದನ್ನು ನೆನಪಿಡಬೇಕು.

ಈ ಗೋಡೆ ಯಾವಾಗಿನದು?

ಕೊನೆಯ ಪ್ರಶ್ನೆ ಇದು, ಕಷ್ಟದ ಪ್ರಶ್ನೆಯೂ ಹೌದು. ಸಮರ್ಖಂಡಕ್ಕೆ ಹೋದವರ ಫೋಟೋಗಳಲ್ಲಿ ಕಾಣುವ ಎಷ್ಟೋ ಗೋಡೆಗಳು ಇಪ್ಪತ್ತನೇ ಶತಮಾನದಲ್ಲಿ ಮತ್ತೆ ಕಟ್ಟಿದವು. ಬೀಬಿ ಖಾನುಂ ಮಸೀದಿ ಕಟ್ಟಿದ ಸ್ವಲ್ಪ ಕಾಲಕ್ಕೇ ಕಳಚಲು ಶುರುವಾಯಿತು. ಭೂಕಂಪದ ಸೀಮೆಯಲ್ಲಿ ಅಷ್ಟು ಎತ್ತರದ ಇಟ್ಟಿಗೆ ಕಮಾನನ್ನು ಅಷ್ಟು ಅವಸರದಲ್ಲಿ ಎತ್ತಿದ್ದರ ಫಲ ಅದು. 1897ರ ಭೂಕಂಪ ಇನ್ನಷ್ಟು ಕೆಡವಿತು. ಈಗಿರುವ ರೂಪ ಬಹುಪಾಲು ಸೋವಿಯೆತ್ ಕಾಲದ ಮತ್ತು ನಂತರದ ಪುನರ್ನಿರ್ಮಾಣ, ಒಳಗೆ ಕಾಂಕ್ರೀಟ್ ಕೂಡ ಇದೆ. ರೆಗಿಸ್ತಾನ್ ಚೌಕದ ತಿಲ್ಲಾ ಕಾರಿ ಮದರಸಾದ ಮೇಲೆ ಹೊಳೆಯುವ ನೀಲಿ ಗುಮ್ಮಟ ಹಳೆಯ ಛಾಯಾಚಿತ್ರಗಳಲ್ಲಿ ಇಲ್ಲವೇ ಇಲ್ಲ. 17ನೇ ಶತಮಾನದ ಮದರಸಾಕ್ಕೆ 20ನೇ ಶತಮಾನದ ಗುಮ್ಮಟ.

ದುರಸ್ತಿ ಅಂದರೆ ಎಲ್ಲವೂ ಹೀಗೇ ಅಂತಲ್ಲ. ಅದೇ ಚೌಕದಲ್ಲಿ 1417ರಿಂದ 1420ರ ನಡುವೆ ಕಟ್ಟಿದ ಉಲೂಗ್ ಬೇಗ್ ಮದರಸಾದ ಈಶಾನ್ಯದ ಮಿನಾರ್ ವಾಲಿತ್ತು. 1932ರಲ್ಲಿ, ಉಕ್ಕಿನ ಜಾಲರಿ ಗೋಪುರಗಳಿಂದ ಹೆಸರಾದ ಎಂಜಿನಿಯರ್ ವ್ಲಾದಿಮಿರ್ ಶುಖೊವ್ ಹಾಕಿಕೊಟ್ಟ ಯೋಜನೆಯಂತೆ ಅದನ್ನು ಕೆಡವದೆ ನೆಟ್ಟಗೆ ಮಾಡಿದರು. ಇಟ್ಟಿಗೆ ಅದೇ, ಬರಹ ಅದೇ, ನಿಲುವು ಮಾತ್ರ ಸರಿಯಾಯಿತು. ಹೊಸದಾಗಿ ಹೆಂಚು ಸುಟ್ಟು ಅಕ್ಷರ ಪೂರ್ತಿ ಮಾಡೋದಕ್ಕೂ ಇದಕ್ಕೂ ಅಜಗಜಾಂತರ. ಮೊದಲನೆಯದು ಸಾಕ್ಷಿಯನ್ನು ಉಳಿಸುತ್ತೆ, ಎರಡನೆಯದು ಸಾಕ್ಷಿಯ ಪರವಾಗಿ ತಾನೇ ಮಾತಾಡುತ್ತೆ. ಓದಿದವರು ನಿಖರವಾಗಿ ಓದಿದ್ದರೆ ಸರಿ. ಇಲ್ಲದಿದ್ದರೆ ತಪ್ಪು ಪಾಠವೇ ಹೊಳೆಯುವ ನೀಲಿಯಲ್ಲಿ ಶಾಶ್ವತವಾಗುತ್ತೆ. ನಮ್ಮ ಊರುಗಳಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿ ಶಾಸನದ ಅಕ್ಷರಗಳಿಗೆ ಪೇಂಟ್ ತುಂಬೋದು ಇದೇ ಜಾತಿಯ ಕೆಲಸ. ಪೇಂಟ್ ಹಚ್ಚುವವನು ತನಗೆ ಕಂಡಂತೆ ಅಕ್ಷರ ತಿದ್ದುತ್ತಾನೆ. ಮುಂದಿನವನು ಓದೋದು ಆ ಪೇಂಟನ್ನು, ಕಲ್ಲನ್ನಲ್ಲ.

ಈ ದೃಷ್ಟಿಯಿಂದ ಬೀದರ್ ನಮಗೆ ಬಹಳ ಮುಖ್ಯ. 1472ರಲ್ಲಿ ಮುಗಿದ ಮಹಮೂದ್ ಗವಾನನ ಮದರಸಾ ತೈಮೂರರ ಕಾಲದ ಮಧ್ಯ ಏಷ್ಯಾ, ಇರಾನ್ ಶೈಲಿಯ ನೇರ ಬಂಧು. ನಡುವೆ ಅಂಗಳ, ನಾಲ್ಕು ಬದಿಗೆ ದೊಡ್ಡ ಕಮಾನಿನ ಮಂಟಪ, ಮೂಲೆಯಲ್ಲಿ ಮಿನಾರ್, ಮುಖದ ತುಂಬ ಹೊಳಪಿನ ಹೆಂಚು, ಹೆಂಚಿನಲ್ಲೇ ಬರಹ. ಗವಾನ್ ಕ್ಯಾಸ್ಪಿಯನ್ ತೀರದ ಗಿಲಾನ್‌ನಿಂದ ಬಂದವನು. 1696ರಲ್ಲಿ ಮದ್ದಿನ ಸ್ಫೋಟದಿಂದ ಮುಂಭಾಗದ ಅರ್ಧ, ಒಂದು ಮಿನಾರ್ ಹೋಯಿತು. ಉಳಿದ ಹೆಂಚುಗಳು ಬಿಸಿಲಿಗೆ, ಮಳೆಗೆ ಉದುರಿವೆ, ಬಣ್ಣ ಮಾಸಿದೆ. ಸಮರ್ಖಂಡದ ಥಳಥಳ ಇಲ್ಲಿಲ್ಲ. ಆದರೆ ಗೋಡೆಗೆ ಇನ್ನೂ ಅಂಟಿಕೊಂಡಿರುವ ಹಳೆಯ ಹೆಂಚಿನ ಅಕ್ಷರಗಳು ಹದಿನೈದನೇ ಶತಮಾನದ ಕೈ ಬರೆದ ಅಕ್ಷರಗಳು. ಸಮರ್ಖಂಡದ ಹಲವು ಗೋಡೆಗಳ ಬಗ್ಗೆ ಈ ಮಾತನ್ನು ಇಷ್ಟು ಧೈರ್ಯವಾಗಿ ಹೇಳೋಕಾಗಲ್ಲ. ಬೀದರಿಗೆ ಹೋದಾಗ ಆ ತುಂಡು ಸಾಲುಗಳನ್ನು ಹತ್ತಿರದಿಂದ, ಓರೆ ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆದುಕೊಳ್ಳಿ. ಬಿದ್ದ ಜಾಗವನ್ನೂ ತೆಗೆಯಿರಿ. ಎಲ್ಲಿ ಮುರಿದಿದೆ ಅನ್ನೋದೂ ದಾಖಲೆಯೇ.

ಯಾಕೆ ಇದನ್ನು ಒತ್ತಿ ಹೇಳ್ತಿದ್ದೀನಿ ಅಂದರೆ, ಅಫ್ರಾಸಿಯಾಬಿನ ಚಿತ್ರದ ಬಣ್ಣ ಅಗೆದು ತೆಗೆದಾಗ ಇದ್ದಷ್ಟು ಈಗ ಇಲ್ಲ. ಹದಿಮೂರು ಶತಮಾನ ಮಣ್ಣಿನಡಿ ಉಳಿದದ್ದು ಗಾಳಿ ಬೆಳಕಿಗೆ ಬಂದ ಕೆಲವೇ ದಶಕಗಳಲ್ಲಿ ಮಂಕಾಗಿದೆ. ಇವತ್ತು ವಿದ್ವಾಂಸರು ವಾದ ಮಾಡುವಾಗ ಗೋಡೆಯ ಜೊತೆಗೆ ಉತ್ಖನನದ ಕಾಲದಲ್ಲಿ ಕಲಾವಿದರು ಅಲ್ಲೇ ಕೂತು ಮಾಡಿಕೊಂಡ ನಕಲುಗಳನ್ನೂ, 1975ರಲ್ಲಿ ಲಾಜರ್ ಅಲ್ಬಾಮ್ ಪ್ರಕಟಿಸಿದ ಪುಸ್ತಕದ ರೇಖಾಚಿತ್ರಗಳನ್ನೂ ಮುಂದಿಟ್ಟುಕೊಳ್ಳಬೇಕು. ಪುಕರ್‌ಜಾತೆಯ ಮಾತು ನಮಗೆ ಕೇಳಿಸಿದ್ದು ಬರೆದವನಿಂದ ಅರ್ಧ, ಅಕ್ಷರ ಕಾಣುತ್ತಿದ್ದಾಗಲೇ ಸರಿಯಾಗಿ ನಕಲು ಮಾಡಿಕೊಂಡವರಿಂದ ಇನ್ನರ್ಧ. ನಿಮ್ಮ ಊರಿನ ಕಲ್ಲಿಗೂ ಆ ಇನ್ನರ್ಧ ಕೆಲಸ ಮಾಡುವವರು ಬೇಕು. ಪೇಂಟ್ ಡಬ್ಬಿ ಬರುವ ಮೊದಲು ಹೋಗಿ ಬನ್ನಿ.